ಆಪರೇಷನ್ ಆಯ್ತು, ಗುಳಿಗೆ ಬಿಡಬಹುದೆ?

ನಮ್ಮ ಹೃದಯಕ್ಕೂ ರಕ್ತ ಬೇಕು. ಅದನ್ನು ತರುವ ನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡರೆ ಎದೆ ನೋಯುತ್ತದೆ. ಊರೊಳಗಿನ ರಸ್ತೆ ಜಾಮ್ ಆದರೆ ಬಸ್ಸು ಬೈಪಾಸ್ ರಸ್ತೆ ಹಿಡಿಯುತ್ತದಲ್ಲ? ಹಾಗೆಯೇ ಡಾಕ್ಟರು ಕಾಲಿನಿಂದಲೋ ಎದೆಯ ಒಳಗಿನಿಂದಲೋ ನಾಳ ತೆಗೆದು ಹೊಸ ದಾರಿ ಮಾಡುತ್ತಾರೆ. ಗೋವಾದಲ್ಲಿ ಬಾಂಬೋಳಿಯ ಸರಕಾರಿ ಆಸ್ಪತ್ರೆಯಲ್ಲೂ ಈ ಆಪರೇಷನ್ ಇದೆ.

ಆದರೆ ಕೊಬ್ಬು ಕಟ್ಟುವ ರೋಗ ಮೈಯಲ್ಲೇ ಉಳಿದಿರುತ್ತದೆ. ಹೊಸ ದಾರಿಯೂ ಕಟ್ಟಬಹುದು. ಪ್ರಧಾನಿಯಾಗಿದ್ದ ಮನಮೋಹನ್ ಸಿಂಗ್ ಅವರಿಗೆ 1990ರಲ್ಲಿ ಬೈಪಾಸ್ ಆಗಿತ್ತು. 2009ರ ಜನವರಿಯಲ್ಲಿ ಮತ್ತೊಮ್ಮೆ ಮಾಡಬೇಕಾಯಿತು. ಆಮೇಲೂ ಅವರು 2014ರವರೆಗೆ ದೇಶದ ಕೆಲಸ ನಡೆಸಿದರು. 2024ರಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ.

ವಾಸ್ಕೊ, ಬೈನಾ, ಝುವಾರಿನಗರದಲ್ಲಿ ನಮ್ಮ ಜನ ಬಹಳ. ಜಾತ್ರೆಗೆ ಅಂತ ಊರಿಗೆ ಹೋದವರು ಸುಗ್ಗಿ ಮುಗಿಸಿಯೇ ಬರುತ್ತಾರೆ. ಅಷ್ಟರಲ್ಲಿ ಗುಳಿಗೆ ಖಾಲಿ. "ಆಪರೇಶನ್ ಆಗೇತಿ, ನೋವಿಲ್ಲ, ಇನ್ಯಾಕ ಗುಳಿಗಿ?" ಅಂತಾರೆ. ಇದೇ ಅಪಾಯ. ನೋವಿಲ್ಲದಿರುವುದಕ್ಕೆ ಗುಳಿಗೆಯೂ ಒಂದು ಕಾರಣ. ರಕ್ತ ಹೆಪ್ಪುಗಟ್ಟದಂತೆ ಒಂದು, ಕೊಬ್ಬು ಇಳಿಸಲು ಒಂದು. ಇವನ್ನು ಸಾಮಾನ್ಯವಾಗಿ ಜೀವನಪೂರ್ತಿ ನುಂಗಬೇಕು. ಡಾಕ್ಟರು ಹೇಳದೆ ಬಿಡಬಾರದು.

ಊರಿಗೆ ಹೊರಡುವಾಗ ಡಾಕ್ಟರ ಚೀಟಿ, ಆಸ್ಪತ್ರೆ ಕಾಗದಗಳ ಝೆರಾಕ್ಸ್ ಒಯ್ಯಿರಿ. ಹುಬ್ಬಳ್ಳಿಯಲ್ಲಾಗಲಿ, ನಿಮ್ಮೂರಲ್ಲಾಗಲಿ, ಡಾಕ್ಟರಿಗೆ ತೋರಿಸಿ ಮುಂದಿನ ಗುಳಿಗೆ ಬರೆಸಿಕೊಳ್ಳಬಹುದು. ಗುಳಿಗೆಯ ಹೆಸರು ಇಂಗ್ಲಿಷಿನಲ್ಲಿರುತ್ತದೆ. ಕೇಳಿ ತಿಳಿದು ಡಬ್ಬಿಯ ಮೇಲೆ "ಬೆಳಿಗ್ಗೆ", "ರಾತ್ರಿ" ಎಂದು ನೀವೇ ಬರೆಯಿರಿ. ಈಗ ಬರೆಯಲು ಬರುತ್ತದಲ್ಲ!

ಕೆಲಸದ ಮಾತು. ಆಪರೇಷನ್ನಿನಲ್ಲಿ ಎದೆಯ ಎಲುಬು ಕೊಯ್ದು ತಂತಿಯಿಂದ ಕಟ್ಟಿರುತ್ತಾರೆ. ಅದು ಗಟ್ಟಿಯಾಗಿ ಕೂಡಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಸಿಮೆಂಟ್ ಚೀಲ ಇರಲಿ, ತುಂಬಿದ ಕೊಡವನ್ನೂ ಎತ್ತಬೇಡಿ. ದಿನಗೂಲಿಯವರಿಗೆ ಮೂರು ತಿಂಗಳು ಕೂರುವುದು ಕಷ್ಟ, ನಿಜ. ಆದರೆ ಎಲುಬು ಕೂಡದಿದ್ದರೆ ಮತ್ತೆ ಆಸ್ಪತ್ರೆಯೇ. ನಡೆಯಲು ಅಡ್ಡಿಯಿಲ್ಲ. ಮೊದಲು ಐದು ನಿಮಿಷ, ಬರಬರುತ್ತಾ ಅರ್ಧ ತಾಸು ನಡೆಯಿರಿ. ಭಾರದ ಕೆಲಸಕ್ಕೆ ಮರಳುವ ಮೊದಲು ಡಾಕ್ಟರನ್ನು ಕೇಳಿ.

ಬೀಡಿ, ತಂಬಾಕು ಪೂರ್ತಿ ಬಿಡಬೇಕು. ಗೋವಾದ ಒಣಮೀನು ರುಚಿಯೇ, ಆದರೆ ಅದರಲ್ಲಿ ಉಪ್ಪು ಬಹಳ.

ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಸುಮ್ಮನೆ ಅಳು ಬರುತ್ತದೆ. "ಗಂಡಸಾಗಿ ಅಳ್ತೀಯಾ?" ಎಂದು ಹಂಗಿಸಬೇಡಿ. ಇದೂ ಡಾಕ್ಟರಿಗೆ ಹೇಳಬೇಕಾದ ವಿಷಯ. ಮತ್ತೆ ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ, ತಡಮಾಡದೆ 108ಕ್ಕೆ ಫೋನ್ ಮಾಡಿ.

ಬರೆಯಿರಿ: ನಿಮ್ಮ ಮನೆಯಲ್ಲಿ ದಿನಾ ಗುಳಿಗೆ ನುಂಗುವವರು ಯಾರು? ಯಾವ ಗುಳಿಗೆ, ಯಾವ ಹೊತ್ತಿಗೆ? ಇನ್ನೆಷ್ಟು ದಿನಕ್ಕೆ ಸಾಕಾಗುತ್ತದೆ?