ಬಿಡಿಸಿದ ಚಿತ್ರವೆಲ್ಲ ಮಕ್ಕಳದ್ದಲ್ಲ

ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದ ಮುಂದೆ ಕೂತು ಮೋಗ್ಲಿಯ ಕಥೆ ನೋಡಿದವರೆಲ್ಲ ಜಪಾನಿನ ಅನಿಮೇಷನ್ ಆದ ಆನಿಮೆ ನೋಡಿದವರೇ. 'ಜಂಗಲ್ ಬುಕ್' ಎಂದು ಎಲ್ಲರ ಬಾಯಲ್ಲಿದ್ದ ಆ 52 ಕಂತುಗಳ ಧಾರಾವಾಹಿಯನ್ನು 1989ರಲ್ಲಿ ತಯಾರಿಸಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ. ಅದು ಹಿಂದಿಗೆ ಬಂದಾಗ ಶೀರ್ಷಿಕೆ ಗೀತೆಯನ್ನು ಗುಲ್ಜಾರ್ ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು, ಶೇರ್ ಖಾನನಿಗೆ ನಾನಾ ಪಾಟೇಕರ್ ದನಿ ಕೊಟ್ಟರು. ನಮ್ಮ ಕಾಕಾ ಈಗಲೂ ಹೊಲದಲ್ಲಿ ಆ ಹಾಡು ಗುನುಗುತ್ತಾರೆ. ಅದೇ ದೇಶದ, ಅದೇ ಕಲೆಯ ಇನ್ನೊಂದು ಕಥೆಯನ್ನು ನಾನು ಮೊಬೈಲಿನಲ್ಲಿ ನೋಡುವಾಗ ಮಾತ್ರ, "ಇಷ್ಟ್ ದೊಡ್ಡಾಕಿ ಆಗೀದಿ, ಇನ್ನಾ ಕಾರ್ಟೂನ್ ನೋಡ್ಲತ್ತಿಯಲ್ಲವ್ವ" ಎಂದು ನೊಂದುಕೊಳ್ಳುತ್ತಾರೆ. ಕಾಕಾ ಕೆಟ್ಟ ಮನಸ್ಸಿನಿಂದ ಹೀಗೆ ಹೇಳುವವರಲ್ಲ. ಕೈಯಲ್ಲಿ ಬಿಡಿಸಿದ ಚಿತ್ರ ಮಕ್ಕಳಿಗೆ ಸೇರಿದ್ದು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿದೆ. ಆನಿಮೆ ಅಭಿಮಾನಿಯಾಗಿ ನಾನು ಎದುರಿಸಿದ ಬಹುತೇಕ ಮಾತುಗಳ ಬೇರು ಇದೇ ನಂಬಿಕೆಯಲ್ಲಿದೆ.

ನನ್ನ ಊರು ಬೀದರ್ ತಾಲ್ಲೂಕಿನ ಕಮಠಾಣ. ಹೊರಗಿನವರಿಗೆ ಊರಿನ ಗುರುತು ಹೇಳಬೇಕಾದರೆ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಹೆಸರು ಹೇಳುತ್ತೇವೆ. ಮನೆಯಲ್ಲಿ ತೊಗರಿ, ಸೋಯಾ ಬೆಳೆಯುವ ಹೊಲ, ಕೊಟ್ಟಿಗೆಯಲ್ಲಿ ಎಮ್ಮೆಗಳು. ಮನೆಮಾತು ಕನ್ನಡ, ಪೇಟೆಯಲ್ಲಿ ದಖ್ಖನಿ, ನೆಂಟರಿಷ್ಟರಲ್ಲಿ ಒಂದಿಷ್ಟು ಮರಾಠಿ, ಒಂದಿಷ್ಟು ತೆಲುಗು. ಹಾಗಾಗಿ ಹಿಂದಿಯಲ್ಲಿ ಬರುತ್ತಿದ್ದ ಡೋರೆಮಾನ್ ಆಗಲಿ ಡ್ರ್ಯಾಗನ್ ಬಾಲ್ ಆಗಲಿ ನಮ್ಮ ಭಾಗದ ಮಕ್ಕಳಿಗೆ ಪರಭಾಷೆ ಎನಿಸಲೇ ಇಲ್ಲ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ನರುಟೊ, ಒನ್ ಪೀಸ್, ಫುಲ್‌ಮೆಟಲ್ ಆಲ್ಕೆಮಿಸ್ಟ್ ಎಲ್ಲ ಊರಿನ ಕಟ್ಟೆಗೇ ಬಂದವು. ಓದು ಮುಗಿಸಿ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿಯಾದೆ. ಆನಿಮೆ ನೋಡುವುದನ್ನು ಮಾತ್ರ ಬಿಡಲಿಲ್ಲ. ಈ ಹಾದಿಯಲ್ಲಿ ಕಲಿತ ಕೆಲವು ಪಾಠಗಳನ್ನು ನನ್ನಂಥ ಅಭಿಮಾನಿಗಳಿಗೂ ಅವರ ತಂದೆ ತಾಯಿಗೂ ಹೇಳಬೇಕೆನಿಸಿದೆ.

ಮೊದಲ ಪಾಠ ಶಿನ್-ಚಾನ್‌ನಿಂದ ಬಂದದ್ದು. ನಾನು ಶಾಲೆಯಲ್ಲಿದ್ದಾಗ ಹಂಗಾಮಾ ವಾಹಿನಿಯಲ್ಲಿ ಅದು ಬರುತ್ತಿತ್ತು. ಐದು ವರ್ಷದ ಆ ಹುಡುಗ ತಾಯಿಗೆ ಎದುರಾಡುತ್ತಿದ್ದ, ದೊಡ್ಡವರಾಡುವ ಮಾತಾಡುತ್ತಿದ್ದ. ಓಣಿಯ ತಾಯಂದಿರೆಲ್ಲ ಸಿಟ್ಟಾದರು. ದೇಶದಾದ್ಯಂತ ಇಂಥ ದೂರುಗಳು ಎದ್ದು 2008ರಲ್ಲಿ ಕೇಂದ್ರ ಸರ್ಕಾರ ಅದರ ಪ್ರಸಾರವನ್ನೇ ನಿಲ್ಲಿಸಿತು. ಕತ್ತರಿ ಹಾಕಿಸಿಕೊಂಡು ಅದು ಮುಂದೆ ಮತ್ತೆ ಬಂತು. ಯೊಶಿತೊ ಉಸುಯಿ ಅವರು 1990ರಲ್ಲಿ ಶಿನ್-ಚಾನ್ ಬರೆಯಲು ಶುರುಮಾಡಿದ್ದು ದೊಡ್ಡವರು ಓದುವ 'ಮಂಗಾ ಆ್ಯಕ್ಷನ್' ವಾರಪತ್ರಿಕೆಯಲ್ಲಿ ಎಂಬುದು ನನಗೆ ಎಷ್ಟೋ ವರ್ಷಗಳ ನಂತರ ತಿಳಿಯಿತು. ಮಗುವಿನ ಕಣ್ಣಿನಿಂದ ದೊಡ್ಡವರ ಸಂಸಾರವನ್ನು ಕಂಡ ಆ ಹಾಸ್ಯವನ್ನು, ಚಿತ್ರದಲ್ಲಿದೆ ಎಂಬ ಒಂದೇ ಕಾರಣಕ್ಕೆ, ನಾವು ಮಕ್ಕಳ ಮುಂದಿಟ್ಟೆವು.

ಒಂದೇ ತಪ್ಪು ತಿಳಿವಳಿಕೆಯಿಂದ ಎರಡು ಕೇಡು ಹುಟ್ಟುತ್ತವೆ. ಮೂವತ್ತರ ಹೆಂಗಸು ಆನಿಮೆ ನೋಡಿದರೆ ಅವಳ ಬುದ್ಧಿ ಬಲಿತಿಲ್ಲ ಎನ್ನುತ್ತೇವೆ. ಎಂಟು ವರ್ಷದ ಹುಡುಗ ಮೊಬೈಲಿನಲ್ಲಿ 'ಅಟ್ಯಾಕ್ ಆನ್ ಟೈಟನ್' ನೋಡುತ್ತ ಕೂತರೆ, ಕಾರ್ಟೂನ್ ತಾನೆ ಎಂದು ಸುಮ್ಮನಾಗುತ್ತೇವೆ. ಮನುಷ್ಯರನ್ನು ಮನುಷ್ಯರೂಪದ ದೈತ್ಯರು ತಿನ್ನುವ ಕಥೆ ಅದು. ನಮ್ಮ ಶಾಲೆಯ ಸಭೆಗೆ ಬರುವ ಪಾಲಕರಿಗೆ ನಾನು ಇದನ್ನೇ ಹೇಳುತ್ತೇನೆ. ಸಿನಿಮಾದಂತೆ ಆನಿಮೆಗೂ ವಯಸ್ಸಿನ ಗುರುತು ಇರುತ್ತದೆ, ಮೊದಲು ಅದನ್ನು ನೋಡಿ. ಉದಾಹರಣೆಗೆ, 1988ರ ಏಪ್ರಿಲ್ 16ರಂದು ಜಪಾನಿನ ಜಿಬ್ಲಿ ಸ್ಟುಡಿಯೊ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸಿತು. ಒಂದು ಹಯಾವೊ ಮಿಯಾಜಾಕಿಯವರ 'ಮೈ ನೈಬರ್ ಟೊಟೊರೊ', ಮೂರು ವರ್ಷದ ಮಗುವೂ ನೋಡಬಹುದಾದದ್ದು. ಇನ್ನೊಂದು ಇಸಾವೊ ತಕಹಾತಾ ಅವರ 'ಗ್ರೇವ್ ಆಫ್ ದ ಫೈರ್‌ಫ್ಲೈಸ್', 1945ರ ಕೋಬೆ ನಗರದ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣ ತಂಗಿ ಹಸಿವಿನಿಂದ ಸಾಯುವ ಕಥೆ. ಅದನ್ನು ನೋಡಿದ ರಾತ್ರಿ ನನಗೆ ಊಟ ಸೇರಲಿಲ್ಲ. ಒಂದೇ ಸ್ಟುಡಿಯೊದಿಂದ ಒಂದೇ ದಿನ ಹೊರಬಂದ ಈ ಎರಡನ್ನೂ ಒಂದೇ ಹೆಸರಿನ ಗೂಡಿಗೆ ತುಂಬಿ ತೀರ್ಪು ಕೊಡುವುದು ಅನ್ಯಾಯ.

ಇಂಥ ಅನ್ಯಾಯ ಜಪಾನಿನಲ್ಲೂ ಆಗಿದೆ ಎಂದು ತಿಳಿದಾಗ ನನಗೆ ಸ್ವಲ್ಪ ಸಮಾಧಾನ, ಬಹಳ ಸಂಕಟ ಎರಡೂ ಆದವು. ಒಂದು ವಿಷಯದಲ್ಲಿ ಪೂರ್ತಿ ಮುಳುಗಿದ ಅಭಿಮಾನಿಯನ್ನು ಅಲ್ಲಿ ಒಟಾಕು ಎನ್ನುತ್ತಾರೆ. 1983ರಲ್ಲಿ ಅಕಿಯೊ ನಾಕಾಮೊರಿ ಎಂಬ ಲೇಖಕರು ಒಂದು ಪತ್ರಿಕೆಯ ಅಂಕಣದಲ್ಲಿ ಮಂಗಾ ಎಂಬ ಜಪಾನಿ ಚಿತ್ರಕಥೆಗಳ ಅಭಿಮಾನಿಗಳ ಉಡುಗೆ, ನಡೆ, ಮಾತನ್ನು ಹೀಗಳೆದು ಬರೆದು ಈ ಹೆಸರನ್ನು ಅವರಿಗೆ ಅಂಟಿಸಿದರು. 1989ರಲ್ಲಿ ಪುಟ್ಟ ಹುಡುಗಿಯರನ್ನು ಕೊಂದ ತ್ಸುತೊಮು ಮಿಯಾಜಾಕಿ ಎಂಬವನು ಸಿಕ್ಕಿಬಿದ್ದ. ಚಿತ್ರ ನಿರ್ದೇಶಕ ಮಿಯಾಜಾಕಿಯವರಿಗೂ ಇವನಿಗೂ ಸಂಬಂಧವಿಲ್ಲ. ಇವನ ಕೋಣೆಯಲ್ಲಿ ಸಾವಿರಾರು ವಿಡಿಯೊ ಟೇಪುಗಳಿದ್ದವು. ಪತ್ರಿಕೆಗಳು, ಟಿ.ವಿ.ಗಳು ಆ ಕೋಣೆಯ ಚಿತ್ರವನ್ನು ಮತ್ತೆ ಮತ್ತೆ ತೋರಿಸಿ ಅವನನ್ನು ಒಟಾಕು ಕೊಲೆಗಾರ ಎಂದವು. ಒಬ್ಬ ಪಾಪಿಯ ಕೋಣೆಯಿಂದಾಗಿ ಲಕ್ಷಾಂತರ ಯುವಕ ಯುವತಿಯರು ತಮ್ಮ ಇಷ್ಟವನ್ನು ಮುಚ್ಚಿಡಬೇಕಾಯಿತು. 2003ರಲ್ಲಿ 'ಸ್ಪಿರಿಟೆಡ್ ಅವೇ' ಆಸ್ಕರ್ ಗೆದ್ದಿತು. ಆಮೇಲೆ ಜಪಾನ್ ಸರ್ಕಾರವೇ ಆನಿಮೆಯನ್ನು ದೇಶದ ಹೆಮ್ಮೆಯೆಂದು ಹೊರಗೆ ಸಾರತೊಡಗಿತು. ಕಳಂಕ ಹಚ್ಚಲು ಕೆಲವೇ ದಿನ ಸಾಕಾದವು, ತೊಳೆಯಲು ದಶಕಗಳು ಬೇಕಾದವು. ಯಾವ ಗುಂಪಿನ ಬಗ್ಗೆಯೇ ಆಗಲಿ, ಒಂದು ಘಟನೆ ಹಿಡಿದು ಮಾತಾಡುವ ಮುನ್ನ ನಾನು ಈ ಕಥೆ ನೆನೆಯುತ್ತೇನೆ.

ನನ್ನ ಪಾಲಿನ ಮಾತುಗಳು ಅಷ್ಟು ಕ್ರೂರವಾಗಿರಲಿಲ್ಲ. ಆದರೂ ನೋಯಿಸಿದವು. ವರನ ಕಡೆಯವರು ನೋಡಲು ಬರುವ ಮುಂಚೆ ಸಂಬಂಧಿಕರೊಬ್ಬರು ನನ್ನ ಕೋಣೆಯ ಗೋಡೆಯ ಚಿತ್ರಗಳನ್ನು ತೆಗೆಸಿದರು. "ಹುಡುಗಿ ಸಣ್ಣಬುದ್ಧಿ ಆಕಿ ಅಂತ ತಿಳೀತಾರ" ಎಂದರು. ಕ್ರಿಕೆಟ್ಟಿನ ಇಪ್ಪತ್ತು ವರ್ಷದ ಲೆಕ್ಕ ಬಾಯಲ್ಲಿಟ್ಟುಕೊಂಡ ಗಂಡಸಿಗೆ ನಮ್ಮಲ್ಲಿ ಯಾರೂ ಹೀಗೆ ಹೇಳುವುದಿಲ್ಲ. ಸಿನಿಮಾ ನಟನ ಕಟೌಟಿಗೆ ಹಾರ ಹಾಕಿದವನಿಗೂ ಹೇಳುವುದಿಲ್ಲ. ಅಭಿಮಾನಕ್ಕೆ ನಮ್ಮ ಸಮಾಜದಲ್ಲಿ ಸಾಕಷ್ಟು ಜಾಗವಿದೆ. ಅಪರಿಚಿತವಾದದ್ದರ ಮೇಲಿನ ಅಭಿಮಾನಕ್ಕೆ, ಅದರಲ್ಲೂ ಹೆಣ್ಣಿನ ಅಭಿಮಾನಕ್ಕೆ, ಆ ಜಾಗ ಕಡಿಮೆ. ಹಾಗಾದರೆ ಮಾಡಬೇಕಾದದ್ದು ಅದನ್ನು ಪರಿಚಯಿಸುವ ಕೆಲಸ. ವಾದ ಮಾಡಿ ಯಾರ ಮನಸ್ಸನ್ನೂ ಬದಲಿಸಲು ನನ್ನಿಂದಾಗಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಾಗ ಆಯಿತು.

ಅಪ್ಪನಿಗೆ ತೋರಿಸಲು ನಾನು ಆರಿಸಿದ್ದು 'ಸಿಲ್ವರ್ ಸ್ಪೂನ್'. ಇದನ್ನು ಬರೆದ ಹಿರೊಮು ಅರಕಾವಾ ಫುಲ್‌ಮೆಟಲ್ ಆಲ್ಕೆಮಿಸ್ಟ್‌ನಿಂದ ಜಗತ್ತಿಗೆ ಗೊತ್ತಾದವರು. ಆಕೆ ಹೊಕ್ಕೈಡೊ ದ್ವೀಪದ ಹೈನುಗಾರರ ಮನೆಯ ಮಗಳು, ತನ್ನನ್ನೇ ಹಸುವಿನ ರೂಪದಲ್ಲಿ ಬಿಡಿಸಿಕೊಳ್ಳುವವರು. ಪೇಟೆಯ ಹುಡುಗ ಹಾಚಿಕೆನ್ ಕೃಷಿ ಪ್ರೌಢಶಾಲೆ ಸೇರಿ ದನ, ಕುದುರೆ, ಹಂದಿಗಳ ನಡುವೆ ಬದುಕು ಕಲಿಯುವ ಕಥೆ ಇದು. 2013ರಲ್ಲಿ ಆನಿಮೆಯಾಗಿ ಬಂತು. ಪಶು ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಬದುಕು ಕಳೆದ ಅಪ್ಪನಿಗೆ ಇದಕ್ಕಿಂತ ಹತ್ತಿರದ ಕಥೆ ಬೇರೆ ಸಿಗಲಿಕ್ಕಿಲ್ಲ ಎನಿಸಿತು.

ಇಂಗ್ಲಿಷ್ ಅಡಿಬರಹ ಅಪ್ಪನಿಗೆ ಓದಲು ಬರುವುದಿಲ್ಲ. ಒಂದೊಂದು ಮಾತನ್ನೂ ನಾನು ನಮ್ಮ ಕನ್ನಡದಲ್ಲಿ ಹೇಳುತ್ತ ಹೋದೆ. ಮೊದಲಿಗೆ ಅವರು ನನ್ನ ಒತ್ತಾಯಕ್ಕೆ ಕೂತಿದ್ದರು. ಹಾಲು ಕರೆಯುವ ಯಂತ್ರದ ಕೊಳವೆಗಳು ಕಂಡಾಗ ಮುಂದೆ ಬಾಗಿ ನೋಡಿದರು. ಹಾಚಿಕೆನ್ನನ ಕೈತಪ್ಪಿನಿಂದ ಹಾಲೆಲ್ಲ ಚೆಲ್ಲಿ ಹೋದಾಗ, "ಅಯ್ಯ, ಅಷ್ಟೂ ಹೋತಲ್ಲ" ಎಂದು ಅವರಿಗೇ ನಷ್ಟವಾದಂತೆ ಹಣೆ ಹಿಡಿದುಕೊಂಡರು. ಮುಂದೆ ಕೊಮಾಬಾ ಎಂಬ ಗೆಳೆಯನ ಭಾಗ ಬಂತು. ತಂದೆ ಇಲ್ಲದ ಮನೆ, ಸಾಲ ತೀರದೆ ದನಗಳನ್ನೆಲ್ಲ ಮಾರಬೇಕಾಗುತ್ತದೆ, ಬೇಸ್‌ಬಾಲ್ ಆಟಗಾರನಾಗುವ ಕನಸು ಹೊತ್ತ ಹುಡುಗ ಶಾಲೆ ಬಿಡುತ್ತಾನೆ. ಆ ಸಾಲಕ್ಕೆ ಜಾಮೀನು ನಿಂತ ನೆರೆಮನೆಯೂ ಕಷ್ಟಕ್ಕೆ ಬೀಳುತ್ತದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಜಪಾನದಾಗೂ ರೈತನ ಹಣೇಬರಹ ಇದೇ ಏನವ್ವ?" ಎಂದು ಕೇಳಿದರು. ನಮ್ಮ ಜಿಲ್ಲೆಯಲ್ಲಿ ಜಾಮೀನಿನ ಸಂಕಟ ಕಾಣದ ರೈತರ ಓಣಿ ಯಾವುದಿದೆ? ಅಂದಿನಿಂದ ಅಪ್ಪ ನನ್ನ ಹವ್ಯಾಸದ ಬಗ್ಗೆ ಒಂದು ಮಾತೂ ಆಡಿಲ್ಲ. ನೆಂಟರು ಆಡಿದಾಗ, "ನೀವು ನೋಡೀರೇನು? ನೋಡಿ ಮಾತಾಡ್ರಿ" ಎನ್ನುತ್ತಾರೆ. ಗೋಡೆಗೆ ಚಿತ್ರಗಳು ಮರಳಿದವು. ಮುಂದೆ ಕೂಡಿಬಂದ ಸಂಬಂಧದವರು ಅವುಗಳನ್ನು ನೋಡಿಯೇ ಒಪ್ಪಿದರು.

ತರಗತಿಯಲ್ಲೂ ಈ ಅಭಿಮಾನ ನನಗೆ ಕೆಲಸಕ್ಕೆ ಬಂದಿದೆ. ಶ್ರವಣ ಯಂತ್ರ ಹಾಕಿಕೊಂಡು ಬರುತ್ತಿದ್ದ ಮಗುವೊಂದನ್ನು ಉಳಿದವರು ಅಣಕಿಸುತ್ತಿದ್ದರು. ಬುದ್ಧಿ ಹೇಳಿದಾಗ ತಲೆ ತಗ್ಗಿಸುತ್ತಿದ್ದರು, ಮರುದಿನ ಮತ್ತದೇ. ಆಗ ಯೊಶಿತೊಕಿ ಒಯಿಮಾ ಅವರ ಮಂಗಾ ಆಧರಿಸಿ ನವೊಕೊ ಯಮಾದಾ ನಿರ್ದೇಶಿಸಿದ 'ಎ ಸೈಲೆಂಟ್ ವಾಯ್ಸ್' ಚಿತ್ರದ ಶಾಲೆಯ ಭಾಗವನ್ನು ಮಕ್ಕಳಿಗೆ ತೋರಿಸಿದೆ. ಕಿವಿ ಕೇಳದ ಶೋಕೊಳನ್ನು ಶೋಯ ಎಂಬ ಹುಡುಗ ಕಾಡುತ್ತಾನೆ, ಅವಳ ಯಂತ್ರವನ್ನು ಕಿತ್ತೆಸೆಯುತ್ತಾನೆ. ಕೊನೆಗೆ ಜೊತೆಗೆ ನಕ್ಕ ಗೆಳೆಯರೇ ಅವನೊಬ್ಬನ ಮೇಲೆ ತಪ್ಪು ಹೊರಿಸಿ ಅವನನ್ನು ಒಂಟಿ ಮಾಡುತ್ತಾರೆ. ಆತ್ಮಹತ್ಯೆಯ ಯೋಚನೆ ಬರುವ ದೃಶ್ಯಗಳು ಆ ವಯಸ್ಸಿಗೆ ಬೇಡವೆಂದು ಬಿಟ್ಟೆ. ನೋಡಿದ ಮೇಲೆ ತರಗತಿಯಲ್ಲಿ ನಡೆದ ಮಾತುಕತೆ ನನ್ನ ಯಾವ ಉಪದೇಶದಿಂದಲೂ ಆಗದ್ದು. ನಕ್ಕವರೂ ಪಾಲುದಾರರೇ ಎಂಬುದನ್ನು ಮಕ್ಕಳು ತಾವೇ ಹೇಳಿದರು. ಅಣಕ ನಿಂತಿತು.

ಆ ಚಿತ್ರ ಮಾಡಿದ್ದು ಕ್ಯೋಟೊ ಅನಿಮೇಷನ್ ಸ್ಟುಡಿಯೊ. 2019ರ ಜುಲೈ 18ರಂದು ಒಬ್ಬ ದುಷ್ಟ ಅದಕ್ಕೆ ಬೆಂಕಿ ಹಚ್ಚಿದಾಗ 36 ಕಲಾವಿದರೂ ಸಿಬ್ಬಂದಿಯೂ ಸತ್ತರು. ಅಂದು ನಾನು ಅತ್ತದ್ದನ್ನು ಕಂಡು, ಕಾಣದ ದೇಶದ ಜನರಿಗಾಗಿ ಯಾಕೆ ಅಳುತ್ತೀಯ ಎಂದು ಸುತ್ತಲಿನವರು ಕೇಳಿದರು. ವರ್ಷಗಟ್ಟಲೆ ಯಾರ ಕೈಯ ಚಿತ್ರಗಳನ್ನು ಪ್ರೀತಿಯಿಂದ ನೋಡಿದ್ದೇವೋ ಅವರು ನಮಗೆ ಪರಕೀಯರಲ್ಲ. ಆನಿಮೆಯ ಒಂದು ಸೆಕೆಂಡಿನ ಚಲನೆಗೆ ಎಂಟೋ ಹನ್ನೆರಡೋ ಚಿತ್ರ ಬೇಕು, ಅದರ ಹಿಂದೆ ಕಡಿಮೆ ಸಂಬಳಕ್ಕೆ ರಾತ್ರಿ ಹಗಲು ದುಡಿಯುವ ಯುವ ಕಲಾವಿದರಿದ್ದಾರೆ. ಇದನ್ನು ಅರಿತ ಮೇಲೆ ಕಳ್ಳ ತಾಣಗಳಲ್ಲಿ ನೋಡಬಾರದೆಂದು ನಿಶ್ಚಯಿಸಿದೆ. 2022ರಲ್ಲಿ ಆನಿಮೆ ತೋರಿಸುವ ಕ್ರಂಚಿರೋಲ್ ತಾಣ ಭಾರತಕ್ಕೆ ತಿಂಗಳ ದರವನ್ನು 79 ರೂಪಾಯಿಗೆ ಇಳಿಸಿತು. ಹಣ ಕೊಟ್ಟು ನೋಡುವುದು ಅಭಿಮಾನಿಯ ಮೊದಲ ಧರ್ಮ.

ನಮ್ಮ ಅಭಿಮಾನಿ ಬಳಗಕ್ಕೂ ಒಂದು ಮಾತು ಹೇಳಬೇಕು. ಡಬ್ ನೋಡುವವರನ್ನು ಕೀಳಾಗಿ ಕಾಣುವವರು ನಮ್ಮಲ್ಲಿದ್ದಾರೆ. ಹುಡುಗಿ ಒನ್ ಪೀಸ್ ಇಷ್ಟ ಎಂದರೆ ಹತ್ತು ಪಾತ್ರಗಳ ಹೆಸರು ಕೇಳಿ ಪರೀಕ್ಷಿಸುವವರೂ ಇದ್ದಾರೆ. ಹೊರಗಿನವರ ತಾತ್ಸಾರದಿಂದ ನೊಂದವರು ಒಳಗೆ ಅದೇ ತಾತ್ಸಾರ ಬಿತ್ತಬಾರದು. ಹಳ್ಳಿಯ ಹುಡುಗನಿಗೆ ಹಿಂದಿ ಡಬ್ಬಿನಿಂದಲೇ ಈ ಲೋಕದ ಬಾಗಿಲು ತೆರೆದಿದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಓದು, ನಿದ್ದೆ, ಮನೆಗೆಲಸ ಬದಿಗಿಟ್ಟು ಕಂತಿನ ಮೇಲೆ ಕಂತು ನೋಡುತ್ತ ಕೂತರೆ ಮನೆಯವರಿಗೆ ಆಗುವ ಆತಂಕವೂ ಸುಳ್ಳಲ್ಲ. ಇಷ್ಟವಾದದ್ದಕ್ಕೆ ಮರ್ಯಾದೆ ಬೇಕಾದರೆ ನಮ್ಮ ಬದುಕೂ ನೆಟ್ಟಗಿರಬೇಕು.

ಕೊನೆಯ ಕೊರಗು ನಮ್ಮ ಭಾಷೆಯದು. 2025ರ ಸೆಪ್ಟೆಂಬರ್ 12ರಂದು 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಭಾರತದ ಚಿತ್ರಮಂದಿರಗಳಿಗೆ ಬಂದಾಗ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಐದರಲ್ಲೂ ಇತ್ತು, ಕನ್ನಡದಲ್ಲಿ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಯುಗೊ ಸಾಕೊ ಅವರ ಇಂಡೊ-ಜಪಾನಿ ರಾಮಾಯಣ ಮರುಬಿಡುಗಡೆಯಾದಾಗಲೂ ಹೀಗೇ ಆಯಿತು. 2009ರಲ್ಲಿ ಶುರುವಾದ ಚಿಂಟು ಟಿ.ವಿ. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಕಾರ್ಟೂನ್ ತೋರಿಸಿದೆ. ನಾನು ಅಪ್ಪನಿಗೆ ಬಾಯಿಂದ ಹೇಳಿದ್ದನ್ನು ಒಳ್ಳೆಯ ಕನ್ನಡ ಬಲ್ಲವರು ಡಬ್ಬಿಂಗಿನಲ್ಲಿ, ಕನಿಷ್ಠ ಅಡಿಬರಹದಲ್ಲಿ, ಎಲ್ಲ ಅಪ್ಪಂದಿರಿಗೂ ಹೇಳಲಿ. ದುಡ್ಡು ಕೊಟ್ಟು ನೋಡುವ ಜನ ಬೀದರ್‌ನಿಂದ ಚಾಮರಾಜನಗರದವರೆಗೂ ಇದ್ದಾರೆ.

ತಂದೆ ತಾಯಂದಿರಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಮಗಳೋ ಮಗನೋ ಆನಿಮೆಯಲ್ಲಿ ಮುಳುಗಿದ್ದರೆ ಬೈಯುವ ಮುನ್ನ, ಹಾಗೆಯೇ ಬಿಟ್ಟುಬಿಡುವ ಮುನ್ನ, ಒಂದು ಸಂಜೆ ಪಕ್ಕದಲ್ಲಿ ಕೂತು ಅವರಿಗೆ ಅತ್ಯಂತ ಇಷ್ಟವಾದ ಕಥೆಯನ್ನು ಪೂರ್ತಿ ನೋಡಿ. ಅರ್ಥವಾಗದ್ದನ್ನು ಅವರನ್ನೇ ಕೇಳಿ. ಆ ವಯಸ್ಸಿಗೆ ತಕ್ಕದ್ದಲ್ಲ ಎನಿಸಿದರೆ ಕಾರಣ ಹೇಳಿ ನಿಲ್ಲಿಸಿ, ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಿ. ನೋಡಿದ ಮೇಲೆ ನೀವು ಕೊಡುವ ತೀರ್ಪು ಏನೇ ಇರಲಿ, ನಿಮ್ಮ ಮಕ್ಕಳು ಅದನ್ನು ಗೌರವದಿಂದ ಕೇಳುತ್ತಾರೆ.