ಉಪ್ಪು ಕರಗುತ್ತದೆ, ಅಳಿಯುವುದಿಲ್ಲ

ಅಣ್ಣಿಗೇರಿ ತಾಲೂಕಿನ ಶಲವಡಿಯ ವಿದ್ಯಾರ್ಥಿಗೆ ಹಿಮ ಬಿದ್ದ ರಸ್ತೆಯು ಚಿತ್ರದಲ್ಲಿ ಮಾತ್ರ ಕಂಡ ವಸ್ತು. ಆದರೆ ‘ಸವಳು’ ಎಂಬ ಮಾತು ಅವನಿಗೆ ಹೊಸದಲ್ಲ. ಆ ಎರೆನಾಡಿನಲ್ಲಿ ಅನೇಕ ಬಾವಿಗಳ ನೀರು ಸವಳು. ಆದುದರಿಂದಲೇ ಜನರು ತಲೆಮಾರುಗಳಿಂದ ಕುಡಿಯಲು ಕೆರೆಯ ನೀರನ್ನು ನೆಚ್ಚಿದ್ದರು. ಅಮೇರಿಕ, ಕೆನಡಾಗಳಂಥ ಶೀತದೇಶಗಳಲ್ಲಿಯಾದರೋ ಮನುಷ್ಯನು ಈ ಸವಳನ್ನು ಕೈಯಾರೆ ತಂದುಕೊಳ್ಳುತ್ತಿದ್ದಾನೆ. ಅದು ಹೇಗೆಂಬುದನ್ನು ನೋಡೋಣ.

ಹಿಮ ಕರಗುವ ಬಗೆ

ಶುದ್ಧ ನೀರು 0 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುತ್ತದೆ. ಆಗ ಮಂಜುಗಡ್ಡೆಯನ್ನು ಬಿಟ್ಟು ನೀರಿಗೆ ಬರುವ ಅಣುಗಳೆಷ್ಟೋ, ನೀರಿನಿಂದ ಗಡ್ಡೆಗೆ ಮರಳುವ ಅಣುಗಳೂ ಅಷ್ಟೇ. ನೀರಿನಲ್ಲಿ ಉಪ್ಪು ಕರಗಿದರೆ ಮರಳುವವುಗಳ ಸಂಖ್ಯೆ ತಗ್ಗುತ್ತದೆ. ಬಿಟ್ಟು ಬರುವವುಗಳ ಸಂಖ್ಯೆ ತಗ್ಗುವುದಿಲ್ಲ. ಆದ್ದರಿಂದ ಗಡ್ಡೆ ಕರಗುತ್ತದೆ. ಶೇಕಡಾ 10ರ ಉಪ್ಪುನೀರು ಸುಮಾರು −6 ಡಿಗ್ರಿಯವರೆಗೂ, ಶೇಕಡಾ 23ರದು ಸುಮಾರು −21 ಡಿಗ್ರಿಯವರೆಗೂ ಹೆಪ್ಪುಗಟ್ಟದು. ಕುಲ್ಫಿ ಮಾಡುವವರು ಮಂಜುಗಡ್ಡೆಗೆ ಉಪ್ಪು ಬೆರೆಸುವುದೂ ಈ ತತ್ವದಿಂದಲೇ.

ಆ ಉಪ್ಪು ಎಲ್ಲಿಗೆ ಹೋಯಿತು?

ಅಮೇರಿಕದ ರಸ್ತೆಗಳಿಗೆ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ಬೀಳುತ್ತದೆ. ಹಿಮ ಕರಗಿದೊಡನೆ ಅದು ನೀರಿನೊಡನೆ ಹರಿಯುತ್ತದೆ. ಅದರ ಕ್ಲೋರೈಡನ್ನು ಮಣ್ಣು ಹಿಡಿದಿಡಲಾರದು. ಅದು ಹಳ್ಳ, ಕೆರೆ, ಬಾವಿಗಳನ್ನು ಸೇರಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಸಿಹಿನೀರಿನ ಜೀವಿಗಳ ರಕ್ಷಣೆಗಾಗಿ ಆ ದೇಶವು 1988ರಲ್ಲಿ ಲೀಟರಿಗೆ 230 ಮಿಲಿಗ್ರಾಂ ಕ್ಲೋರೈಡನ್ನು ದೀರ್ಘಕಾಲದ ಮಿತಿಯೆಂದು ಗೊತ್ತುಮಾಡಿತು. ದಾರಿಬದಿಯ ಮರಗಳ ಎಲೆಗಳು ಸುಡುತ್ತವೆ. ಸೇತುವೆಯ ಉಕ್ಕಿನ ಸರಳುಗಳು ತುಕ್ಕುಹಿಡಿಯುತ್ತವೆ.

ಮನುಷ್ಯನ ಗತಿಯೇನು? ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೀಟರಿಗೆ 1 ಗ್ರಾಂ ಉಪ್ಪಿರುವ ನೀರನ್ನು ದಿನಕ್ಕೆ 3 ಲೀಟರ್ ಕುಡಿದವನಿಗೆ, ಊಟದ ಉಪ್ಪನ್ನು ಎಣಿಸುವ ಮೊದಲೇ 3 ಗ್ರಾಂ ಆಯಿತು! ಅಧಿಕ ಸೋಡಿಯಂ ರಕ್ತದ ಒತ್ತಡವನ್ನು ಏರಿಸುತ್ತದೆ.

ಎರೆಮಣ್ಣಿನ ಪಾಠ

ಸೋಡಿಯಂ ಮಣ್ಣಿಗೂ ಕೇಡು. ಜೇಡಿಯ ಕಣಗಳನ್ನು ಒಟ್ಟಾಗಿರಿಸುವ ಕ್ಯಾಲ್ಸಿಯಮ್ಮನ್ನು ಅದು ಹೊರದೂಡುತ್ತದೆ, ಕಣಗಳು ಚದರಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗದು. ಹಿಮದೇಶದ ದಾರಿಬದಿಯಲ್ಲಿ ನಡೆಯುವ ಈ ಕ್ರಿಯೆಯೇ ನಮ್ಮ ಎರೆಹೊಲದಲ್ಲಿಯೂ ನಡೆಯುತ್ತದೆ. ವ್ಯತ್ಯಾಸವಿಷ್ಟೇ: ಇಲ್ಲಿಯ ಉಪ್ಪು ನೆಲದೊಳಗಿನದು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಗಳು ಹರಿದ ಮೇಲೆ, ಬಸಿಗಾಲುವೆಗಳು ಸಾಲದ ಕಡೆಗಳಲ್ಲಿ ನೆಲದ ನೀರು ಮೇಲೇರಿತು. ಬಿಸಿಲು ನೀರನ್ನು ಒಯ್ದು ಉಪ್ಪನ್ನು ಬಿಟ್ಟಿತು, ಹೊಲವು ಸವಳು-ಜವಳಾಯಿತು.

ಪರಿಹಾರವುಂಟೆ? ಉಂಟು. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಮ್ಮಿನ ಸ್ಥಾನವನ್ನು ಮರಳಿ ಪಡೆಯುತ್ತದೆ. ಆದರೆ ಬಿಡುಗಡೆಯಾದ ಸೋಡಿಯಂ ಹೊರಹೋಗಲು ಸಿಹಿನೀರೂ ಬಸಿಗಾಲುವೆಯೂ ಬೇಕು. ಅವಿಲ್ಲದೆ ಜಿಪ್ಸಂ ವ್ಯರ್ಥ. ಹಾಗೆಯೇ ಶೀತದೇಶದವರು ಉಪ್ಪನ್ನು ಅಳೆದು ಹಾಕುವುದನ್ನೂ ಬದಲಿಗೆ ಮರಳು ಹರಡುವುದನ್ನೂ ಕಲಿಯುತ್ತಿದ್ದಾರೆ.

ವಿದ್ಯಾರ್ಥಿಗಳೇ, ನಿಮ್ಮ ಬಾವಿಯ ನೀರನ್ನೂ ಮಳೆಯ ನೀರನ್ನೂ ಸಮವಾಗಿ ಎರಡು ಗಾಜಿನ ಬಟ್ಟಲುಗಳಲ್ಲಿ ಬಿಸಿಲಿಗಿಟ್ಟು ಒಣಗಿಸಿರಿ. ತಳದಲ್ಲುಳಿಯುವ ಬಿಳಿಯ ಕಲೆಗಳನ್ನು ಹೋಲಿಸಿರಿ. ನಿಮ್ಮ ಹೊಲವು ಪ್ರತಿ ಬೇಸಿಗೆಯಲ್ಲಿಯೂ ಮಾಡುತ್ತಿರುವ ಪ್ರಯೋಗವು ಇದೇ.