ದೀಪಾವಳಿ: ಮೂಲ ಮತ್ತು ಆಚರಣೆ

ಕರ್ನಾಟಕದಲ್ಲಿ ದೀಪಾವಳಿ ಆಶ್ವಯುಜ ಬಹುಳ ತ್ರಯೋದಶಿಯ ನೀರು ತುಂಬುವ ಹಬ್ಬದಿಂದ ಆರಂಭವಾಗುತ್ತದೆ. ಮರುದಿನದ ನರಕ ಚತುರ್ದಶಿಯ ಅಭ್ಯಂಜನಕ್ಕೆ ಅಂದೇ ಹಂಡೆ ತೊಳೆದು, ನೀರು ತುಂಬಿಸಿ ಪೂಜಿಸುವುದು ವಾಡಿಕೆ. ಚತುರ್ದಶಿಯು ಕೃಷ್ಣನು ನರಕಾಸುರನನ್ನು ಕೊಂದ ಕಥೆಗೆ ಸಂಬಂಧಿಸಿದ್ದು, ಅಮಾವಾಸ್ಯೆಯಂದು ಲಕ್ಷ್ಮೀಪೂಜೆ ನಡೆಯುತ್ತದೆ. ಉತ್ತರ ಭಾರತದಲ್ಲಿ ರಾಮನು ಅಯೋಧ್ಯೆಗೆ ಮರಳಿದ ಕಥೆಯೇ ಪ್ರಧಾನ.

ಕನ್ನಡ ನಾಡಿನ ರೈತರಿಗೆ ಹೆಚ್ಚು ಮುಖ್ಯವಾದುದು ಕಾರ್ತಿಕ ಶುದ್ಧ ಪಾಡ್ಯ, ಅಂದರೆ ಬಲಿಪಾಡ್ಯಮಿ. ವಾಮನನು ಪಾತಾಳಕ್ಕೆ ತುಳಿದ ಬಲಿ ಚಕ್ರವರ್ತಿ ಅಂದು ಭೂಮಿಗೆ ಬರುತ್ತಾನೆಂಬ ನಂಬಿಕೆಯಿದೆ. ಸೋತ ದೊರೆಗೇ ಪೂಜೆ ಸಲ್ಲುವುದು ಗಮನಾರ್ಹ. ತುಳುನಾಡಿನಲ್ಲಿ ಗದ್ದೆಗೆ ದೀಪ ಒಯ್ದು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಮಲೆನಾಡಿನಲ್ಲಿ ಗೋಪೂಜೆ, ಮನೆಮನೆಗೆ ಜ್ಯೋತಿ ಒಯ್ಯುವ ಅಂಟಿಕೆ-ಪಂಟಿಕೆ ನಡೆಯುತ್ತವೆ. ಉತ್ತರ ಕರ್ನಾಟಕದಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ ಪೂಜಿಸುತ್ತಾರೆ.

ಹಬ್ಬದ ಮೂಲವನ್ನು ತಿಳಿಯಲು ಸಾಹಿತ್ಯಿಕ ಆಧಾರಗಳು ಮುಖ್ಯ. 7ನೇ ಶತಮಾನದ ಹರ್ಷವರ್ಧನನ ‘ನಾಗಾನಂದ’ ನಾಟಕದಲ್ಲಿ ದೀಪಪ್ರತಿಪದುತ್ಸವದ ಉಲ್ಲೇಖವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಜೈನ ಕವಿ ಸೋಮದೇವಸೂರಿ ‘ಯಶಸ್ತಿಲಕ ಚಂಪೂ’ (ಕ್ರಿ.ಶ. 959) ಕೃತಿಯಲ್ಲಿ ದೀಪೋತ್ಸವವನ್ನು ವರ್ಣಿಸಿದ್ದಾನೆ. 11ನೇ ಶತಮಾನದ ವಿದ್ವಾಂಸ ಅಲ್‌ಬೆರೂನಿ ಬಲಿಯ ಬಿಡುಗಡೆಯ ಕಥೆಯನ್ನು ದಾಖಲಿಸಿದ್ದಾನೆ. 15ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಇಟಲಿಯ ನಿಕೊಲೊ ಕೊಂಟಿ, ದೇವಾಲಯಗಳ ಚಾವಣಿಯ ಮೇಲೆ ಹಗಲಿರುಳು ಉರಿಯುವ ಅಸಂಖ್ಯ ದೀಪಗಳ ಹಬ್ಬವೊಂದನ್ನು ವಿವರಿಸಿದ್ದಾನೆ.

ಜೈನರಿಗೆ ದೀಪಾವಳಿಯು ಪಾವಾಪುರಿಯಲ್ಲಿ ಮಹಾವೀರನು ನಿರ್ವಾಣ ಹೊಂದಿದ ದಿನ. ಗುರು ಹರಗೋಬಿಂದರು ಗ್ವಾಲಿಯರ್ ಕೋಟೆಯ ಸೆರೆಯಿಂದ ಬಿಡುಗಡೆಯಾದ ನೆನಪಿಗೆ ಸಿಖ್ಖರು ಬಂದಿ ಛೋಡ್ ದಿವಸ್ ಆಚರಿಸುತ್ತಾರೆ.